ಅವಳ ಎಡ, ನನ್ನ ಬಲ

ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹಗಲಿಡೀ ನನ್ನ ಬಾಯಿಂದ ಬರುವ ಮಾತುಗಳಲ್ಲಿ ನನ್ನದು ಅನ್ನುವುದು ಬಹಳ ಕಡಿಮೆ. ಧಾರವಾಡದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಂಜ್ಞಾಭಾಷೆಯ ದುಭಾಷಿ; ಇಲ್ಲಿನ ಹುಡುಗರ ಮಾತಿನಲ್ಲಿ 'ಬಾಯಾರು', ಅಂದರೆ ಮೇಡಂ. ಕಿವಿ ಕೇಳದ ತಮ್ಮನೊಡನೆ ಜಗಳಾಡುತ್ತ ಕಲಿತ ಭಾಷೆಯೇ ಮುಂದೆ ಉದ್ಯೋಗವಾಯಿತು. ಮೇಷ್ಟ್ರು ಹೇಳಿದ್ದನ್ನು ಕೈಯಲ್ಲಿ ಹೇಳಬೇಕು, ವಿದ್ಯಾರ್ಥಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳಬೇಕು. ಅದೂ 'ಅವಳು ಹೀಗಂದಳು' ಎಂದಲ್ಲ, ಅವಳೇ ಆಗಿ 'ನಾನು' ಎನ್ನಬೇಕು. ಹೀಗಾಗಿ ಐವತ್ತರ ಹತ್ತಿರ ಬಂದ ನಾನು, ತಲೆಯ ಮೇಲೆ ಬಿಳಿಗೂದಲು ಹೊತ್ತುಕೊಂಡೇ, 'ನನಗಿನ್ನೂ ಇಪ್ಪತ್ತೆರಡು' ಎಂದು ಎಷ್ಟೋ ಸಲ ಗಂಭೀರವಾಗಿ ಹೇಳಿದ್ದುಂಟು. ಸಪ್ತಾಪುರದ ಮನೆಗೆ ಮರಳುವಾಗ ಗಂಟಲು ಒಣಗಿರುತ್ತದೆ. "ಮಂದಿ ಮಾತೆಲ್ಲಾ ಆಡಿ ಬರ್ತೀ, ನನ್ನ ಕೂಡ ಆಡಾಕ ಒಂದೂ ಉಳಸಂಗಿಲ್ಲ ನೋಡು" ಎಂದು ಯಜಮಾನರು ಗೊಣಗುತ್ತಾರೆ.

ಇಷ್ಟು ವರ್ಷದಲ್ಲಿ ನಾನು ನಿಜವಾಗಿ ಹೆದರಿದ್ದು ರೇಷ್ಮಾಳ ಮೌಖಿಕ ಪರೀಕ್ಷೆಯ ದಿನ. ರೇಷ್ಮಾ ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು. ಹುಟ್ಟಿನಿಂದ ಕಿವಿ ಕೇಳದು. ಭೂಗೋಳದ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಕೆಲಗೇರಿ ಕೆರೆಯಲ್ಲಿ ಹೂಳು ಎಲ್ಲಿ ಎಷ್ಟು ತುಂಬುತ್ತಿದೆ ಎನ್ನುವುದು ಅವಳ ಪ್ರಬಂಧದ ವಿಷಯ. ಆಳ ಅಳೆಯಲು ಬಿದಿರಿನ ಗಳ ಹಿಡಿದು ನಾಲ್ಕು ತಿಂಗಳು ದಂಡೆ ಸುತ್ತಿದ ಹುಡುಗಿ. ನಾನೂ ಎರಡು ಸಲ ಜೊತೆಗೆ ಹೋಗಿ, ಒಂದು ಚಪ್ಪಲಿಯನ್ನು ಆ ಹೂಳಿಗೆ ಅರ್ಪಿಸಿ ಬಂದಿದ್ದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧದ ಪುಟ ತಿರುವುತ್ತ, ಪಕ್ಕದಲ್ಲಿ ಕುಳಿತಿದ್ದ ನಮ್ಮ ವಿಭಾಗದ ಮುಖ್ಯಸ್ಥರಿಗೆ ತಗ್ಗಿದ ದನಿಯಲ್ಲಿ ಅಂದರು: "ಛಲೋ ಐತ್ರಿ. ಆದ್ರ ಇದನ್ನ ಆಕಿನ ಮಾಡ್ಯಾಳೋ, ಯಾರರೆ ಮಾಡಿ ಕೊಟ್ಟಾರೋ?"

ಕಿವಿಗೆ ಬಿದ್ದದ್ದನ್ನೆಲ್ಲ ದಾಟಿಸುವುದು ನನ್ನ ಧರ್ಮ. ದಾಟಿಸಿದೆ. 'ಪ್ರಶ್ನೆ ಕೇಳಲಿ' ಎಂದಷ್ಟೇ ರೇಷ್ಮಾಳ ಕೈ ಹೇಳಿತು. ಆ ಅನುಮಾನ ಅವಳಿಗಿಂತ ನನಗೇ ಹೆಚ್ಚು ಚುಚ್ಚಿತ್ತು. ಪರೀಕ್ಷಕರಿಗೆ ಏನು ಉತ್ತರ ಕೊಡಬಹುದಿತ್ತೆಂದು ಒಳಗೊಳಗೇ ಹೊಂದಿಸುತ್ತ ಕುಳಿತೆ. ಅದೇ ಮುಳುವಾಯಿತು.

"ಹೂಳು ಯಾವ ದಂಡಿಗೆ ಜಾಸ್ತಿ ಐತಿ?"

ರೇಷ್ಮಾ ಗಾಳಿಯಲ್ಲಿ ಕೆರೆಯನ್ನು ಬರೆದಳು, ಮೇಲೆ ಉತ್ತರ ದಿಕ್ಕು ಎಂದಳು, ತನ್ನ ಎಡಕ್ಕೆ ಕೈ ಒತ್ತಿ ತೋರಿಸಿದಳು. ಎದುರು ಕುಳಿತ ನಾನು ಠೀವಿಯಿಂದ ಹೇಳಿದೆ: "ಪೂರ್ವ ದಂಡೆಗೆ, ಸರ್."

ಪರೀಕ್ಷಕರು ಕನ್ನಡಕ ತೆಗೆದರು. "ಪೂರ್ವಕ್ಕ? ಮತ್ತ ನಕಾಶೆದಾಗ ಪಶ್ಚಿಮಕ್ಕ ತೋರಿಸ್ಯಾಳಲ್ಲ?" ಮುಖ್ಯಸ್ಥರ ಕಡೆ ತಿರುಗಿ, "ನೋಡ್ರಿ, ನನ್ನ ಅನುಮಾನ ಖರೇ ಆತು" ಎಂದು ಪೆನ್ನನ್ನು ಅಂಕಪಟ್ಟಿಯ ಕಡೆ ಒಯ್ದರು.

ಆಗ ಹೊಳೆಯಿತು. ಅವಳ ಎಡ ನನಗೆ ಬಲವಾಗಿ ಕಂಡಿತ್ತು. ದಿನಾ ತಿರುಗಿಸಿ ನೋಡುವ ಅಭ್ಯಾಸವಿದ್ದ ಕಣ್ಣು ಸಿಟ್ಟಿನ ಭರದಲ್ಲಿ ತಿರುಗಿಸುವುದನ್ನು ಮರೆತಿತ್ತು. ನನ್ನ ಬಾಯಿಂದ ಏನು ಬಂತೆಂದು ರೇಷ್ಮಾಳಿಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಅವಳನ್ನು ಕೇಳಿ, ಅವಳೇ ತಿದ್ದಿಕೊಂಡಂತೆ 'ಪಶ್ಚಿಮ' ಅಂದುಬಿಡಬಹುದಿತ್ತು. ನನ್ನ ಹೆಸರು ಉಳಿಯುತ್ತಿತ್ತು, ತಪ್ಪು ಅವಳದಾಗುತ್ತಿತ್ತು. ಹಾಗೆ ಮಾಡಬೇಕೆಂದು ಅನ್ನಿಸಲೇ ಇಲ್ಲ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಅನ್ನಿಸಿತ್ತು. ಪೆನ್ನು ಕಾಗದ ಮುಟ್ಟುವವರೆಗೂ ಅನ್ನಿಸಿತ್ತು.

"ಸರ್, ಬರೀಬ್ಯಾಡ್ರಿ!" ದನಿ ನನಗೇ ಗಾಬರಿಯಾಗುವಷ್ಟು ಜೋರಾಗಿತ್ತು. "ತಪ್ಪು ಆಕಿದಲ್ರಿ, ನಂದು. ಆಕಿ ಪಶ್ಚಿಮಾನ ತೋರಿಸಿದ್ಲು, ನಾ ಉಲ್ಟಾ ಹೇಳಿದ್ನಿ." ಇದನ್ನೇ ಕೈಯಲ್ಲಿ ರೇಷ್ಮಾಳಿಗೂ ಹೇಳಿದೆ.

"ಹಂಗಂದ್ರ ಈಗ ತಿದ್ದಾಕತ್ತಿದ್ದು ಆಕಿನೋ, ನೀವೋ? ನಾ ಯಾರನ್ನ ನಂಬಬೇಕ್ರಿ?"

ಆ ಕೋಣೆಯಲ್ಲಿ ಇನ್ನು ನನ್ನ ಬಾಯಿಗೆ ಬೆಲೆ ಉಳಿದಿರಲಿಲ್ಲ. ಪ್ರಶ್ನೆಯನ್ನು ಹಾಗೆಯೇ ರೇಷ್ಮಾಳಿಗೆ ದಾಟಿಸಿದೆ. ಅವಳು ಎದ್ದಳು. ನನ್ನ ಕಡೆ ನೋಡದೆ ಸೀಮೆಸುಣ್ಣ ಎತ್ತಿಕೊಂಡು ಕರಿಹಲಗೆಯ ತುಂಬ ಕೆರೆ ಬರೆದಳು. ಗಳ ಇಳಿಸಿದ ಜಾಗಗಳನ್ನೆಲ್ಲ ಗುರುತಿಸಿ, ಪ್ರಬಂಧದ ಕಡೆ ಕಣ್ಣೂ ಹಾಯಿಸದೆ ಒಂದೊಂದರ ಆಳ ಬರೆದಳು. ಪರೀಕ್ಷಕರು ಪುಟ ತೆರೆದು ತಾಳೆ ನೋಡಿದರು, ಮತ್ತೆ ನೋಡಿದರು, ಕೊನೆಗೆ ತಾವೂ ಎದ್ದು ಹೋಗಿ 'ಇಲ್ಲಿ ಏಕೆ?' ಎಂದು ಬರೆದರು. ಅವಳು ಇಳಿಜಾರನ್ನೂ ನೀರು ಬರುವ ದಾರಿಯನ್ನೂ ಗೆರೆ ಎಳೆದು ವಿವರಿಸಿದಳು. ಹತ್ತು ನಿಮಿಷ ಪರೀಕ್ಷೆ ಸೀಮೆಸುಣ್ಣದಲ್ಲೇ ನಡೆಯಿತು. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪೀಠೋಪಕರಣದಂತೆ ಕುಳಿತಿದ್ದೆ.

"ಶಾಬಾಸ್" ಎಂದರು ಪರೀಕ್ಷಕರು, ಕೈಧೂಳು ಕೊಡವುತ್ತ. "ನಾ ಹಂಗ ಅನುಮಾನ ಪಟ್ಟಿದ್ದು ತಪ್ಪಾತು ಅಂತ ಆಕಿಗೆ ಹೇಳ್ರಿ." ಆಮೇಲೆ ನನ್ನನ್ನೇ ದಿಟ್ಟಿಸಿ, "ಇದನ್ನರೆ ಸರಿಯಾಗಿ ಹೇಳ್ರಿ ಮತ್ತ" ಎಂದರು.

ಹೊರಗೆ ಬಂದ ಮೇಲೆ ರೇಷ್ಮಾ ನನ್ನೆರಡೂ ಮಣಿಕಟ್ಟು ಹಿಡಿದು, ಅಂಗನವಾಡಿಯ ಮಗುವಿಗೆ ಕಲಿಸುವಂತೆ ಒಂದೊಂದೇ ಎತ್ತಿ ತೋರಿಸಿದಳು: ಇದು ಎಡ, ಇದು ಬಲ. ಆಮೇಲೆ ಜೋರಾಗಿ ನಕ್ಕು ಅಪ್ಪಿಕೊಂಡಳು. ನನಗೆ ಅಳು ಬಂತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕಿವಿ ಕೇಳದವರ ಬಳಗದಲ್ಲಿ ಪ್ರತಿಯೊಬ್ಬರಿಗೂ ಸಂಜ್ಞೆಯಲ್ಲೊಂದು ಹೆಸರಿಡುತ್ತಾರೆ, ಒಮ್ಮೆ ಬಿದ್ದರೆ ಜನ್ಮಕ್ಕೂ ಅದೇ. ಮರುತಿಂಗಳು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅವರದೊಂದು ಸಭೆ. ವೇದಿಕೆಯ ಮೇಲೆ ರೇಷ್ಮಾ ಎಲ್ಲರನ್ನೂ ಪರಿಚಯಿಸುತ್ತಿದ್ದಳು, ಅವಳ ಮಾತನ್ನು ಮೈಕಿನಲ್ಲಿ ಹೇಳುವವಳು ನಾನು. ಅವಳು ನನ್ನತ್ತ ಬೊಟ್ಟು ಮಾಡಿ, ಎರಡು ಕೈಗಳನ್ನು ಅದಲುಬದಲು ದಾಟಿಸಿ, ಹಣೆ ಚಚ್ಚಿಕೊಂಡಳು. ಅರ್ಧ ಸಭೆ ಹೊಟ್ಟೆ ಹಿಡಿದು ನಕ್ಕಿತು. ಕಿವಿ ಕೇಳುವ ಇನ್ನರ್ಧ ಸಭೆ, ಏನಾಯಿತೆಂದು ತಿಳಿಯದೆ, ನನ್ನ ಬಾಯಿಯನ್ನೇ ಕಾಯುತ್ತಿತ್ತು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಇವ್ರು ನಮ್ಮ ದುಭಾಷಿ. ನಾವು ಇವ್ರಿಗೆ ಇಟ್ಟ ಹೆಸರು, ಎಡಾ ಬಲಾ ತಿಳೀಲಾರದ ಬಾಯಾರು."

ಅನುವಾದದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.