ಸೊಸೆಯ ಫಿಲ್ಮೂ ನಮ್ಮ ಮನೆಯ ಸೆಪರೇಷನ್ನೂ

ಸಿಂಗಪುರದಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, "ನಿಮ್ಮ ಸೊಸೆ ಏನ್ ಮಾಡ್ತಾರೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಉತ್ತರ ಹೇಳಿದಾಗಲೆಲ್ಲ ಏನಾದರೊಂದು ಅನಾಹುತ ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ಮಗನ ಮನೆಗೆ ಬಂದ ಮೇಲೆ ಕೇಳಬೇಕಾಗಿ ಬಂದ ಮಾತುಗಳನ್ನೆಲ್ಲ ಅಂದಂದೇ ಬರೆದಿಟ್ಟಿದ್ದೇನೆ. ಹೆಸರು ಬರೆಯುವುದಿಲ್ಲ, ಮನುಷ್ಯರ ಮರ್ಯಾದೆ ಮುಖ್ಯ. ಅವರಿರುವ ಬಡಾವಣೆ ಮಾತ್ರ ಬರೆಯುತ್ತೇನೆ.

ಸೊಸೆಯ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಯೂನಿವರ್ಸಿಟಿ ಲ್ಯಾಬಿನಲ್ಲಿ ಸಂಶೋಧನೆ. ಉದ್ದ ಸರಪಳಿಯಂಥ ಎರಡು ಬಗೆಯ ಪಾಲಿಮರ್, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ಅಂಥವೆರಡನ್ನು ತುದಿಗೆ ತುದಿ ಸೇರಿಸಿ, ಒಂದರ ಬುಡವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಹುಲ್ಲಿನ ಹಾಗೆ ನೆಟ್ಟು, ಫಿಲ್ಮ್ ಎನ್ನುವ ತೆಳು ಪದರ ಮಾಡುತ್ತಾಳೆ. ಆ ಎರಡೂ ಬೆರೆತು ಇರಲಾರವು, ಬಿಟ್ಟು ಹೋಗಲಾರವು. ಕೊನೆಗೆ ಇದ್ದಲ್ಲೇ ತಮ್ಮತಮ್ಮವರ ಜೊತೆ ಗುಂಪುಕಟ್ಟಿಕೊಂಡು ಬೇರೆಯಾಗುತ್ತವೆ. ಆಗಬೇಕು. ಸೊಸೆಯದು ಮಾತ್ರ ಆಗುತ್ತಿರಲಿಲ್ಲ. ಆಗದಿದ್ದರೆ ಅವಳ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ ಎಂದು ಪ್ರೊಫೆಸರ್ ಹೇಳಿಬಿಟ್ಟಿದ್ದರು. ಇದರಲ್ಲಿ ಅರ್ಥವಾಗದ್ದು ಏನಿದೆ, ನೀವೇ ಹೇಳಿ.

ಫಿಲ್ಮ್

ಯುಗಾದಿ ಊಟದಲ್ಲಿ ನನ್ನ ಪಕ್ಕದ ಎಲೆಗೆ ಚೋವಾ ಚು ಕಾಂಗಿನ ಗೃಹಿಣಿ ಕೂತಿದ್ದರು. ಸೊಸೆಯ ವಿಚಾರ ಬಂತು. ಥಿನ್ ಫಿಲ್ಮ್ ಮಾಡುತ್ತಾಳೆ ಎಂದೆ. ಆಕೆ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟು, ಕನ್ನಡದ್ದೋ ಇಂಗ್ಲಿಷಿನದೋ ಎಂದು ವಿಚಾರಿಸಿದರು. ಆ ಫಿಲ್ಮ್ ಅಲ್ಲ, ಇದು ಕಣ್ಣಿಗೇ ಕಾಣುವುದಿಲ್ಲ, ತಲೆಕೂದಲಿಗಿಂತ ಎಷ್ಟೋ ಪಾಲು ತೆಳು ಎಂದು ವಿವರಿಸಿದೆ. ಆಕೆ ನನ್ನ ಕೈಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ಕಥೆ ತೆಳುವಾಗಿದ್ರೆ ಏನಂತೆ ಬಿಡ್ರೀ. ಹಾಡು ಚೆನ್ನಾಗಿದ್ರೆ ಓಡುತ್ತೆ."

ಬ್ಲಾಕ್

ಗೃಹಿಣಿಯರನ್ನು ಕ್ಷಮಿಸಬಹುದು. ಟೋವಾ ಪಾಯೋದ ಬ್ಯಾಂಕ್ ಅಧಿಕಾರಿಗೆ ಏನಾಗಿತ್ತು? ಎಂ.ಕಾಂ. ಓದಿದವರು. ಎಂಆರ್‌ಟಿ ರೈಲಿನಲ್ಲಿ ಎದುರು ಸಿಕ್ಕು ಅದೇ ಪ್ರಶ್ನೆ ಕೇಳಿದರು. ಈ ಸಲ ಫಿಲ್ಮ್ ಎನ್ನುವುದೇ ಬೇಡವೆಂದು ಬ್ಲಾಕ್ ಕೋಪಾಲಿಮರ್ ಎಂದೆ. ಈ ಊರಿನಲ್ಲಿ ಬ್ಲಾಕ್ ಅಂದರೆ ಸರ್ಕಾರಿ ಫ್ಲಾಟಿನ ಕಟ್ಟಡ, ಮನೆ ಹುಡುಕುವುದೂ ಬ್ಲಾಕ್ ನಂಬರಿನಿಂದಲೇ. ಅವರು ತಕ್ಷಣ ಯಾವ ಬ್ಲಾಕ್ ಎಂದರು. ಒಂದಲ್ಲ, ಎರಡು ಬ್ಲಾಕ್, ತುದಿಗೆ ತುದಿ ಸೇರಿಸಿರುತ್ತಾರೆ ಎಂದೆ. ಹೊಸ ಸ್ಕೀಮೇ ಎಂದರು. ಸಿಟ್ಟು ನುಂಗಿಕೊಂಡು, ಎರಡೂ ಬ್ಲಾಕಿಗೆ ಒಂದಕ್ಕೊಂದು ಆಗುವುದಿಲ್ಲ ಸ್ವಾಮಿ, ವಿಷಯ ಇರುವುದೇ ಅದರಲ್ಲಿ ಎಂದೆ.

"ಅದೆಲ್ಲಾ ಕಡೆ ಇದ್ದಿದ್ದೇ ಆಂಟಿ, ನಮ್ಮಲ್ಲೂ ಪಕ್ಕದ ಬ್ಲಾಕ್‌ನೋರ ಹತ್ರ ಪಾರ್ಕಿಂಗ್ ಜಗಳ," ಎಂದವರು ದನಿ ತಗ್ಗಿಸಿ ಕೇಳಿದರು: "ಲಿಫ್ಟ್ ಎಲ್ಲಾ ಫ್ಲೋರಲ್ಲೂ ನಿಲ್ಲುತ್ತೆ ತಾನೆ?"

ತಾವು ನನಗಿಂತ ಅದೆಷ್ಟು ಚಿಕ್ಕವರೆಂದುಕೊಂಡು ನನ್ನನ್ನು ಆಂಟಿ ಎಂದರೋ, ಅದನ್ನೂ ಬರೆದಿಟ್ಟಿದ್ದೇನೆ. ಅವರಿಗೆ ಮೊಮ್ಮಗು ಇದೆ.

ಕಸಿ

ಇಂಗ್ಲಿಷಿನಿಂದಲೇ ಈ ಗೋಳು, ಅಚ್ಚ ಕನ್ನಡದಲ್ಲಿ ಹೇಳಿಬಿಡೋಣ ಎಂದು ತೀರ್ಮಾನಿಸಿದೆ. ಪಾಸಿರ್ ರಿಸ್‌ನಿಂದ ಒಬ್ಬ ಹೆಂಗಸು ಮನೆಗೆ ಬಂದಿದ್ದರು. ಲ್ಯಾಬಿನವರು ಗ್ರಾಫ್ಟಿಂಗ್ ಎನ್ನುವುದಕ್ಕೆ ಕನ್ನಡದಲ್ಲಿ ಕಸಿ ಎಂಬ ಮಾತಿದೆಯಲ್ಲ, ಸೊಸೆ ಕಸಿ ಕಟ್ಟುತ್ತಾಳೆ ಎಂದೆ. ಮುಂದಿನ ಭಾನುವಾರ ಆಕೆ ದಾಸವಾಳದ ಎರಡು ಕುಂಡ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಿಳಿಗೆ ಕೆಂಪು ಕಸಿ ಮಾಡಿಕೊಡಬೇಕಂತೆ.

ನನ್ನ ಸೊಸೆ ಒಳ್ಳೆಯವಳು. ಲ್ಯಾಬಿನ ಒಂದು ಬಿಲ್ಲೆಯನ್ನು ಡಬ್ಬಿಯಿಂದ ತೆಗೆದು ತೋರಿಸಿ, ತನ್ನ ಕಸಿ ಇದರ ಮೇಲೆ ಎಂದಳು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಣ್ಣೇ ಇಲ್ಲವಲ್ಲ ಎಂದರು. ನೀರು ಹಾಕುತ್ತೀಯಾ ಎಂದದ್ದಕ್ಕೆ ಸೊಸೆ, ಇಲ್ಲ, ಟಾಲ್ವೀನ್ ಎನ್ನುವ ಕೆಮಿಕಲ್ಲಿನ ಹಬೆ ಕೊಡುತ್ತೇನೆ ಎಂದಳು. ಸರಿಯಾಗಿ ಬಂತು ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಿದರು.

"ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮೇಲೆಲ್ಲಾ ಚುಕ್ಕಿ ಚುಕ್ಕಿ ಕಾಣಬೇಕು ಆಂಟಿ. ನನಗಿನ್ನೂ ಬಂದಿಲ್ಲ."

"ಬರದೇ ಇದ್ದಿದ್ದು ನಿನ್ನ ಪುಣ್ಯ. ಚುಕ್ಕಿ ಅಂದ್ರೆ ರೋಗ ಕಣಮ್ಮ. ಬೇವಿನ ಹಿಂಡಿ ಹಾಕು."

ಎಂ.ಎಸ್ಸಿ. ಗೋಲ್ಡ್ ಮೆಡಲ್ ಪಡೆದವಳಿಗೆ ಬೇವಿನ ಹಿಂಡಿ.

ಸೆಪರೇಷನ್

ಕಾಂಟ್ರಾಕ್ಟ್ ಮುಗಿಯುವ ದಿನ ಹತ್ತಿರ ಬಂತು. ಸೊಸೆ ಊಟ ಬಿಟ್ಟಳು, ಮಗ ಮಾತು ಬಿಟ್ಟ. ನಾನು ಚಾಮುಂಡಿಗೆ ಹರಕೆ ಹೊತ್ತೆ. ಕೆಮಿಸ್ಟ್ರಿ ಓದಿದವಳು ಹರಕೆ ಹೊರಬಾರದೆಂದು ಯಾರೂ ಹೇಳಿಲ್ಲ.

ಅದೇ ಸಮಯಕ್ಕೆ ಚೋವಾ ಚು ಕಾಂಗಿನ ಆ ಹೋಳಿಗೆಯ ಗೃಹಿಣಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಏನಾದರೂ ಸುದ್ದಿ ಬಂದರೆ ಇರಲಿ ಎಂದು ಸೊಸೆಗೆ ಅವರ ಫೋನ್ ನಂಬರ್ ಕೊಟ್ಟು ಹೋಗಿದ್ದೆ. ಮಂಗಳಾರತಿ ಮುಗಿದು ಎಲ್ಲರ ಕೈಗೂ ಸಪಾದಭಕ್ಷ್ಯದ ಸಜ್ಜಿಗೆ ಬಂದಿತ್ತು, ಆಗ ಸೊಸೆಯ ಫೋನ್ ಬಂತು. ಎಲ್ಲರೂ ಕೂತಿದ್ದ ಹಾಲ್‌ನಲ್ಲೇ ನಿಂತು ಮಾತಾಡಿದೆ. ಲ್ಯಾಬಿನಲ್ಲಿ ಮೆಷಿನ್ನುಗಳ ಸದ್ದು, ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಯಿತು.

"ಸೆಪರೇಷನ್ ಆಯ್ತಾ? ಅಂತೂ ಆಯ್ತಲ್ಲಮ್ಮ. ನಾನು ಹರಕೆ ಹೊತ್ತಿದ್ದು ಸಾರ್ಥಕ ಆಯ್ತು. ಪೂರ್ತಿ ಬೇರೆ ಆಗಿದೆ ತಾನೆ, ಮತ್ತೆ ಸೇರ್ಕೊಳಲ್ವಲ್ಲ? ಫೋಟೋ ತೆಗೆದಿಟ್ಕೋ, ನಾಳೆ ಕೇಳಿದೋರಿಗೆ ಪ್ರೂಫ್ ಬೇಕು."

ಫೋನ್ ಇಟ್ಟು ತಿರುಗಿದರೆ ಹಾಲಿನಲ್ಲಿ ಒಬ್ಬರೂ ಸಪಾದ ತಿನ್ನುತ್ತಿಲ್ಲ. ನಾನು ಸಂತೋಷಕ್ಕೆ ಇನ್ನೊಂದು ಹಿಡಿ ಹಾಕಿಸಿಕೊಂಡೆ.

ಮೂರನೆಯ ದಿನ ಮೈಸೂರಿನಿಂದ ಬೀಗಿತ್ತಿಯ ಫೋನು. ಐಎಸ್‌ಡಿ ಕಾಲಿನಲ್ಲಿ ಮೊದಲು ಬರೀ ಅಳು. ಆಮೇಲೆ, "ನಮ್ಮ ಹುಡುಗಿ ಏನು ತಪ್ಪು ಮಾಡಿದ್ಲು ಅಂತ ನೀವು ಹರಕೆ ಹೊತ್ರಿ?" ಎಂದರು. ಸೊಸೆಯೇ ಫೋನ್ ಕಸಿದುಕೊಂಡು, ತಾನೂ ಗಂಡನೂ ಚೆನ್ನಾಗಿದ್ದೇವೆ, ಬೇರೆಯಾದದ್ದು ಪಾಲಿಮರ್ ಎಂದು ಹೇಳುವಷ್ಟರಲ್ಲಿ ಅವರ ಅಳು ನಿಂತು ನನ್ನ ಕೋಪ ಶುರುವಾಯಿತು. ಮಗನ ಸಂಸಾರ ಒಡೆದು ಸಜ್ಜಿಗೆ ತಿಂದ ಅತ್ತೆ ಎಂದು ಇಡೀ ದ್ವೀಪದಲ್ಲಿ ಹೆಸರಾಗಿತ್ತಲ್ಲ.

ಮೈಕ್ರೋಸ್ಕೋಪಿನ ಫೋಟೋ ಕೈಯಲ್ಲಿ ಹಿಡಿದು ನೇರ ಚೋವಾ ಚು ಕಾಂಗಿಗೆ ಹೋದೆ. ಆ ಗೃಹಿಣಿಯನ್ನು ಕೂರಿಸಿ, ಕಪ್ಪು ಜಾಗ ತೋರಿಸಿದೆ, ಬಿಳಿ ಚುಕ್ಕಿ ತೋರಿಸಿದೆ. ಇದು ಇದರಿಂದ ಬೇರೆಯಾಯಿತು, ಬುಡ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ಎಲ್ಲಿಗೂ ಹೋಗಲಿಲ್ಲ, ಇದೆಲ್ಲ ನಡೆದದ್ದು ಫಿಲ್ಮಿನಲ್ಲಿ, ಹೀಗಾದದ್ದಕ್ಕೇ ನನ್ನ ಸೊಸೆಯ ಕಾಂಟ್ರಾಕ್ಟ್ ಮುಂದುವರಿಯಿತು, ನನ್ನ ಮಗನ ಮನೆಯಲ್ಲಿ ಯಾರೂ ಯಾರನ್ನೂ ಬಿಟ್ಟಿಲ್ಲ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದೆ.

ಆಕೆ ಫೋಟೋ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಎದೆಯ ಭಾರ ಇಳಿದವರಂತೆ ಉಸಿರು ಬಿಟ್ಟರು.

"ಓ, ಬೇರೆ ಆಗಿದ್ದು ಫಿಲ್ಮ್‌ನಲ್ಲಾ? ಹಾಗಂತ ಅವತ್ತೇ ಹೇಳಬಾರದಿತ್ತೇನ್ರೀ? ಕೊನೇಲಿ ಸೇರ್ತಾರೆ ತಾನೆ?"