ಭಾವನ ಕಪ್ಪು-ಬಿಳುಪು ಕೊಲೆಗಾರ

ನನ್ನ ಭಾವನಿಗೆ ಹೆಂಡತಿಗಿಂತ ಒಬ್ಬ ಕೊಲೆಗಾರನ ಮೇಲೆ ಪ್ರೀತಿ ಹೆಚ್ಚು. ಇದು ನನ್ನ ಆರೋಪವಲ್ಲ. ಹೇಳಿದವಳು ಅವರ ಹೆಂಡತಿ, ಅಂದರೆ ನನ್ನ ಅಕ್ಕ! "ಅವನ ಸಹವಾಸ ಮದುವೆಗೆ ಮೊದಲೇ ಇತ್ತು. ನಾನು ಆಮೇಲೆ ಬಂದವಳು" ಎನ್ನುತ್ತಾಳೆ.

ಗಾಬರಿ ಬೇಡ. ಕೊಲೆಗಾರ ಇರುವುದು ಒಂದು ಹಳೆಯ ಹಿಂದಿ ಸಿನಿಮಾದಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನೋಡಿಬಿಡುತ್ತೀರಿ, ಭಾವ ನಿಮ್ಮನ್ನೂ ಪರೀಕ್ಷೆಗೆ ಕೂರಿಸುತ್ತಾರೆ.

ಹದಿನೇಳನೆಯ ವಯಸ್ಸಿನಲ್ಲಿ ಅವರು ಅದನ್ನು ಮೂಡಬಿದಿರೆಯ ಟೆಂಟಿನಲ್ಲಿ ಮೊದಲು ನೋಡಿದ್ದು. ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಟೆಂಟಿನಲ್ಲಿ ಕತ್ತಲಾಗದೆ ಸಿನಿಮಾ ಶುರುವಾಗುವ ಹಾಗಿಲ್ಲ. ಊರಿನ ಉಳಿದವರು ಹಸಿದ ಹೊಟ್ಟೆಯಲ್ಲಿ ಓಡಿ ಬರುವಾಗ ಭಾವ ಉಂಡು, ಕೈ ತೊಳೆದು, ಮುಂದಿನ ಬೆಂಚು ಹಿಡಿದಾಗಿರುತ್ತಿತ್ತು. ಧರ್ಮದಿಂದ ಇಂಥ ಲಾಭವೂ ಉಂಟು! ಆಗ ಅವರಿಗೆ ಹಿಂದಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ಹಾಗಾಗಿ ಕಥೆಯನ್ನು ನೆರಳಿನಿಂದಲೇ ಕಲಿತರು. ಗೋಡೆಯ ಮೇಲೆ ಟೊಪ್ಪಿಯ ನೆರಳು ಬಿದ್ದರೆ ಅಪಾಯ, ಮುಖದ ಅರ್ಧಕ್ಕೆ ಬೆಳಕು ಬಿದ್ದರೆ ಸುಳ್ಳು.

"ಬಣ್ಣದ ಸಿನಿಮಾದಲ್ಲಿ ರಕ್ತ ಕೆಂಪು, ಅಲ್ಲಿಗೆ ಮುಗಿಯಿತು. ಇದರಲ್ಲಿ ಕಪ್ಪು. ಅದು ರಕ್ತವಾ, ನೀರಾ, ನೆರಳಾ? ನಿನ್ನ ತಲೆಗೂ ಸ್ವಲ್ಪ ಕೆಲಸ ಬೇಡವಾ ಮಾರಾಯ?" ಎಂದು ನನ್ನನ್ನೇ ಕೇಳುತ್ತಾರೆ.

ಒಮ್ಮೆ ಮೊಬೈಲ್ ಅಂಗಡಿಯವ ಉಪಕಾರ ಮಾಡಲು ಹೋಗಿ, ಅದೇ ಸಿನಿಮಾಕ್ಕೆ ಯಾರೋ ಬಣ್ಣ ಬಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಭಾವ ಹತ್ತು ನಿಮಿಷ ನೋಡಿ, ಹುಳಿ ಬಂದ ಹಾಲನ್ನು ವಾಪಸು ಕೊಡುವವರ ಹಾಗೆ ಅದನ್ನು ಅಂಗಡಿಗೆ ಕೊಂಡುಹೋದರು. "ಅವನ ಟೈ ಹಸಿರು ಅಂತ ನಿನಗೆ ಯಾರು ಹೇಳಿದ್ದು? ಅರುವತ್ತು ವರ್ಷದಿಂದ ಅದು ಕಂದು!"

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಎರಡು ವರ್ಷದ ಹಿಂದೆ ಮಂಗಳೂರಿನ ಕಣ್ಣಿನ ಡಾಕ್ಟರು, ಭಾವನ ದೃಷ್ಟಿ ನಡುವಿನಿಂದ ಮಸುಕಾಗುತ್ತಾ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಅಕ್ಕ ಅತ್ತಳು. ಭಾವ ಕೇಳಿದ್ದು ಒಂದೇ ಪ್ರಶ್ನೆ: "ಒಂದು ಸಿನಿಮಾವನ್ನು ಇನ್ನು ಎಷ್ಟು ಸಲ ನೋಡಬಹುದು ಡಾಕ್ಟ್ರೇ?"

ಡಾಕ್ಟರರು ಮುಂದಿನ ತಪಾಸಣೆಯ ತಾರೀಕು ಬರೆದುಕೊಟ್ಟರು. ಭಾವನ ಬಳಿ ಉಪಾಯವಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಯಾರಾದರೂ ಸಿನಿಮಾವನ್ನು ಬಾಯಿಪಾಠ ಮಾಡಬೇಕು, ಆಮೇಲೆ ಅವರಿಗೆ ಹೇಳಬೇಕು! ಅಕ್ಕನಿಂದ ಆಗದು, ಚೂರಿ ಕಂಡ ಕೂಡಲೇ ಅವಳು ಅಡುಗೆಮನೆಗೆ ಹೋಗುತ್ತಾಳೆ. ಉಳಿದವನು ನಾನು. "ಹೇಳಿದ ಹೊತ್ತಿಗೆ ಬರುವವ ನೀನೊಬ್ಬನೇ" ಎಂದರು. ಅದು ಸತ್ಯ. ಬೋರ್ಡಿಂಗ್ ಶಾಲೆಯಲ್ಲಿ ಗಂಟೆಯ ಲೆಕ್ಕದಲ್ಲಿ ಬೆಳೆದು, ಮೂವತ್ತಾರು ವರ್ಷ ಮೇಷ್ಟ್ರಾಗಿ ಅದೇ ಗಂಟೆಯನ್ನು ಬೇರೆಯವರಿಗೆ ಹೊಡೆದವನು ನಾನು. ಹಾಗೆ ಪ್ರತಿ ಬುಧವಾರ ನಾನಿರುವ ಬಿ.ಸಿ.ರೋಡಿನಿಂದ ಒಂದೂವರೆಯ ಬಸ್ಸು, ಮೂರಕ್ಕೆ ಭಾವನ ಮನೆ, ಐದೂಕಾಲಿಗೆ ಊಟ, ಆರಕ್ಕೆ ವಾಪಸು.

ಹಗಲಿನಲ್ಲಿ ಕತ್ತಲೆ ಬೇಕಲ್ಲ? ಭಾವ ಕಿಟಕಿಗಳಿಗೆಲ್ಲ ಟಾರ್ಪಾಲು ಕಟ್ಟಿಸಿದರು. ಮೊದಲ ದಿನವೇ ಅನಾಹುತ! ಒಳಗೆ ಮಲಗಿದ್ದ ಭಾವನ ಚಿಕ್ಕಮ್ಮ, ತೊಂಬತ್ತು ದಾಟಿದವರು, ಎದ್ದು ನೋಡುತ್ತಾರೆ, ಮನೆಯೆಲ್ಲ ಕತ್ತಲೆ. ಸೂರ್ಯ ಮುಳುಗಿದ, ಇವತ್ತು ಊಟ ತಪ್ಪಿತು ಎಂದುಕೊಂಡು ಬಾಯಿ ಮುಕ್ಕಳಿಸಿ, ಇನ್ನು ನಾಳೆಯೇ ಆಹಾರ ಎಂದು ಸಂಕಲ್ಪ ಮಾಡಿ ಜಪಕ್ಕೆ ಕೂತರು. ಸಿನಿಮಾ ಮುಗಿದು ನಾನು ಟಾರ್ಪಾಲು ಎತ್ತಿದರೆ ಹೊರಗೆ ಐದು ಗಂಟೆಯ ಚುರುಕು ಬಿಸಿಲು!

"ತಿನ್ನಿ ಚಿಕ್ಕಮ್ಮ, ಸೂರ್ಯ ಇದ್ದಾನೆ" ಎಂದು ಅಕ್ಕ ಅಂಗಲಾಚಿದಳು.

"ಸಂಕಲ್ಪ ಮಾಡಿ ಆಯಿತು. ಇನ್ನು ಸೂರ್ಯ ಇದ್ದರೆ ಅವನ ಪಾಡಿಗೆ ಅವನಿರಲಿ" ಎಂದ ಚಿಕ್ಕಮ್ಮ ಭಾವನ ಕಡೆ ತಿರುಗಿದರು. "ನಿನ್ನ ಕೊಲೆಗಾರ ಅಲ್ಲಿ ಎಷ್ಟು ಜನರನ್ನು ಕೊಂದನೋ ಗೊತ್ತಿಲ್ಲ. ಇಲ್ಲಿ ನನ್ನ ಊಟವನ್ನು ಕೊಂದ!"

ಮರುವಾರದಿಂದ ಚಿಕ್ಕಮ್ಮನ ಮಂಚ ಪಡುವಣ ಜಗಲಿಗೆ ಹೋಯಿತು.

ನಾನು ಕ್ರಮದ ಮನುಷ್ಯ. ಒಂದು ನೋಟ್‌ಬುಕ್ ತಂದು ಗೆರೆ ಹಾಕಿ ಬರೆದೆ: "ಒಂದು, ರೈಲು ನಿಲ್ದಾಣ. ಮಳೆ. ಕಾನ್‌ಸ್ಟೇಬಲ್ ಇಬ್ಬರು. ಎರಡು, ಹೋಟೆಲಿನ ಮೆಟ್ಟಿಲು. ಹೆಂಗಸು ಒಬ್ಬಳು." ಓದಿ ಹೇಳಿದೆ. ಭಾವ ತಲೆಗೆ ಕೈ ಇಟ್ಟರು. "ಇದು ಸಿನಿಮಾ ಅಲ್ಲ ಮಾರಾಯ, ಪಂಚನಾಮೆ!"

ಪರೀಕ್ಷೆ ಇನ್ನೂ ಕಠಿಣ.

"ನೆರಳು ಯಾವ ಕಡೆಗೆ?"

"ಎಡಕ್ಕೆ."

"ಎಷ್ಟು ಉದ್ದ?"

"ಅಳೆಯಲಿಲ್ಲ ಭಾವ."

"ಅಳೆಯುವುದು ಬೇಡ. ಹೆದರಿದೆಯಾ, ಅದು ಹೇಳು!"

ಹೆದರುವ ಅಭ್ಯಾಸ ನನಗೆಲ್ಲಿ ಉಂಟು? ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದೆ. ಸಿದ್ಧಕಟ್ಟೆ ದಾಟುವಾಗ ಕಣ್ಣು ಮುಚ್ಚಿ, ತಗ್ಗಿದ ದನಿಯಲ್ಲಿ, "ಈಗ ಅವನು ಕೋಟಿನೊಳಗೆ ಕೈ ಹಾಕುತ್ತಾನೆ... ಚೂರಿ ಹೊಳೆಯುತ್ತದೆ..." ಎಂದೆ. ಕಣ್ಣು ಬಿಟ್ಟರೆ ಪಕ್ಕದವರು ಎದ್ದು ಹೋಗಿ ಕಂಬಿ ಹಿಡಿದು ನಿಂತಿದ್ದರು. ಕಂಡಕ್ಟರ್ ದೂರದಿಂದಲೇ, "ಮಾಷ್ಟ್ರೇ, ಹುಷಾರಿದ್ದೀರಲ್ಲಾ?" ಎಂದ. ಅಂತೂ ನನ್ನ ಮಾತಿನಿಂದ ಒಬ್ಬರಾದರೂ ಹೆದರಿದರಲ್ಲ, ಅಷ್ಟು ಪ್ರಗತಿ!

ಕಳೆದ ಬುಧವಾರ ಹೋದಾಗ ಟಾರ್ಪಾಲು ಇಳಿಸಿರಲಿಲ್ಲ. ಕಿಟಕಿಗಳೆಲ್ಲ ತೆರೆದಿದ್ದವು. ಭಾವನ ಕುರ್ಚಿ ಟಿ.ವಿ.ಗೆ ಬೆನ್ನು ಹಾಕಿ ನನ್ನ ಕುರ್ಚಿಯ ಎದುರಿಗಿತ್ತು.

"ಇವತ್ತು ಟಿ.ವಿ. ಬೇಡ. ಹಾಕಿಯೂ ಪ್ರಯೋಜನವಿಲ್ಲ. ನೀನೇ ಹೇಳು" ಎಂದರು.

ನಾನು ನೋಟ್‌ಬುಕ್ ತೆರೆಯಲಿಲ್ಲ. ರೈಲು ನಿಲ್ದಾಣದ ಮಳೆಯಿಂದ ಶುರು ಮಾಡಿ ಒಂದೂ ಬಿಡದೆ ಹೇಳುತ್ತಾ ಹೋದೆ. ಭಾವ ಎರಡು ಸಲ "ಹಾಂ" ಎಂದರು. ಒಮ್ಮೆ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದರು.

ಕೊನೆಯ ದೃಶ್ಯ ಬಂತು. ಅದು ಹೀಗೆ: ಪೊಲೀಸರು ಹತ್ತಿರವಾಗಿದ್ದಾರೆ. ಕೊಲೆಗಾರ ಬೀದಿಯಲ್ಲಿ ನಿಂತು ತನ್ನ ಮನೆಯ ಮಹಡಿಯ ಕಿಟಕಿ ನೋಡುತ್ತಾನೆ. ದೀಪ ಉರಿಯುತ್ತಿದ್ದರೆ ಹೆಂಡತಿ ಕರೆಯುತ್ತಿದ್ದಾಳೆಂದು ಅರ್ಥ. ಅವನು ನೋಡುತ್ತಿರುವಾಗಲೇ ಅವಳು ದೀಪ ಆರಿಸುತ್ತಾಳೆ. ಪರದೆ ಕಪ್ಪಾಗುತ್ತದೆ. ಅಷ್ಟೇ.

ಬೀದಿಯವರೆಗೆ ಹೇಳಿದೆ. ಕಿಟಕಿಯವರೆಗೆ ಹೇಳಿದೆ. ಎದುರಿಗೆ ಭಾವನ ಕಣ್ಣುಗಳು ನನ್ನ ದನಿಯನ್ನು ಹುಡುಕಿಕೊಂಡು ಬಂದು, ನನ್ನ ಮುಖದಿಂದ ಎರಡು ಬೆರಳು ಪಕ್ಕಕ್ಕೆ ನಿಂತಿದ್ದವು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು.

"ಆರಿಸಿದಳಾ?" ಎಂದರು ಭಾವ.

"ಇಲ್ಲ ಭಾವ. ಉರಿಯುತ್ತಾ ಉಂಟು."

ಅರುವತ್ತು ವರ್ಷ ನೋಡಿದ ಮನುಷ್ಯ! ಅವರಿಗೆ ಗೊತ್ತಿಲ್ಲವೇ? ಬೈಗುಳಕ್ಕೆ ಕಾದು ಕೂತೆ. ಭಾವ ಕುರ್ಚಿಗೆ ಒರಗಿದರು.

"ಹಾಗಾದರೆ ಅವನು ಮೇಲೆ ಹತ್ತಲಿ" ಎಂದರು. "ಮೆಟ್ಟಿಲು ಎಷ್ಟುಂಟು?"

ಗೋಡೆಯ ಗಡಿಯಾರ ಐದೂಕಾಲು ಹೊಡೆಯಿತು. ಊಟಕ್ಕೆಂದು ಮೂವರಲ್ಲಿ ಯಾರೂ ಕದಲಲಿಲ್ಲ.

"ಬೇಕಾದಷ್ಟು ಉಂಟು ಭಾವ" ಎಂದೆ. ಒಂದೊಂದೇ ಹೇಳತೊಡಗಿದೆ.