ಓರೆಗಣ್ಣಿನ ಉದ್ಯೋಗ

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಓರೆಗಣ್ಣಿನಿಂದ ನೋಡಬೇಡ ಎಂದು ಹೇಳಿಯೇ ಬೆಳೆಸುತ್ತಾರೆ. ನಾನೂ ಹುಣಸೂರಿನ ಬೀದಿಗಳಲ್ಲಿ ನೆಟ್ಟಗೆ ಎದುರಿಗಿರುವುದನ್ನಷ್ಟೇ ನೋಡಿಕೊಂಡು ಓಡಾಡಿದವಳು. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ ಮೇಲೆ ಓರೆಗಣ್ಣಿನಿಂದ ನೋಡುವುದೇ ನನಗೆ ಸಂಬಳ ತರುವ ಕೆಲಸವಾಯಿತು. ಇದನ್ನು ಮನೆಯಲ್ಲಿ ಹೇಳದೆ ಇದ್ದಿದ್ದರೆ ಎಲ್ಲರೂ ನೆಮ್ಮದಿಯಾಗಿರುತ್ತಿದ್ದೆವು.

ಕೆಲಸ ಇಷ್ಟೇ. ಈಗಿನ ಪರದೆಗಳು ಚಿತ್ರ ಓಡುವಾಗ ಬೇಗಬೇಗ, ನಿಂತಾಗ ಬ್ಯಾಟರಿ ಉಳಿಸಲು ನಿಧಾನವಾಗಿ ತಮ್ಮ ಚಿತ್ರವನ್ನು ಹೊಸದಾಗಿ ಮೂಡಿಸಿಕೊಳ್ಳುತ್ತವೆ. ಹೀಗೆ ವೇಗ ಬದಲಾಗುವಾಗ ಬೆಳಕು ಕೊಂಚ ಕುಗ್ಗಿ, ಹಿಗ್ಗಿ, ಮಿಟುಕುತ್ತದೆ. ಅದನ್ನು ತಗ್ಗಿಸುವ ಸರ್ಕ್ಯೂಟ್ ರೂಪಿಸುವ ಮೈಸೂರಿನ ಸಣ್ಣ ತಂಡವೊಂದರಲ್ಲಿ ನಾನಿದ್ದೇನೆ. ಅಳೆಯಲು ಉಪಕರಣಗಳಿವೆ, ಆದರೂ ಕೊನೆಯ ತೀರ್ಪು ಕಣ್ಣಿನದು. ನೇರ ನೋಟಕ್ಕೆ ಸಿಗದ ಮಿಟುಕು ಕಣ್ಣಂಚಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಪರದೆಯನ್ನು ಪಕ್ಕಕ್ಕಿಟ್ಟುಕೊಂಡು ದಿನವಿಡೀ ಗೋಡೆ ನೋಡುತ್ತೇನೆ. ಕೆಲವು ದಿನ ಆಫೀಸಿನ ಗೋಡೆ, ಕೆಲವು ದಿನ ಮನೆಯದು.

ಮನೆಯ ಗೋಡೆಯ ದಿನವೊಂದರಲ್ಲಿ ಕಾಫಿ ತಂದ ಅಮ್ಮ ಗಾಬರಿಯಾದಳು. "ಯಾಕ್ ಮಗ, ಗೋಡೆ ನೋಡ್ಕಂಡ್ ಕೂತಿದ್ದೀಯ? ಆಫೀಸಲ್ಲಿ ಯಾರಾರ ಬೈದ್ರಾ?"

ವಿವರಿಸಲೇಬೇಕಾಯಿತು. "ನಮ್ಮ ಬಚ್ಚಲಿನ ಹಂಡೆ ಸೋರುತ್ತಲ್ಲಮ್ಮ, ಹಾಗೆ. ಪರದೆಯ ಒಂದೊಂದು ಚುಕ್ಕೇಲೂ ತುಂಬಿಟ್ಟ ಕರೆಂಟು ಸೋರುತ್ತೆ. ಬೇಗಬೇಗ ತುಂಬುತ್ತಿದ್ದರೆ ಗೊತ್ತಾಗಲ್ಲ. ತಡವಾದರೆ ಮಟ್ಟ ಇಳಿದಿರುತ್ತೆ, ತುಂಬಿದಾಗ ದಡಕ್ಕನೆ ಏರುತ್ತೆ."

"ಅಂಗಾರೆ ತೂತು ಮುಚ್ಚು."

"ಪೂರ್ತಿ ಮುಚ್ಚೋಕಾಗಲ್ಲಮ್ಮ. ಸೋರಿದಷ್ಟನ್ನ ಯಾರಿಗೂ ಗೊತ್ತಾಗದ ಹಾಗೆ ತುಂಬ್ತಾ ಇರಬೇಕು."

"ಇದಕ್ಕಾ ಅಷ್ಟೆಲ್ಲ ಓದ್ಸಿದ್ದು!" ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಅವಳನ್ನು ಕೂರಿಸಿ, ಮುಖ ತಿರುಗಿಸಿ, ಕಣ್ಣಂಚಿನಲ್ಲಿ ಹೇಗೆ ನೋಡಬೇಕೆಂದು ಕಲಿಸಿಬಿಟ್ಟೆ.

ನನ್ನ ಅಮ್ಮನಿಗೆ ದಿನದಲ್ಲಿರುವ ಬಿಡುವು ಒಂದೇ. ಸಂಜೆ ಮೊಬೈಲನ್ನು ಉಪ್ಪಿನ ಜಾಡಿಗೆ ಒರಗಿಸಿ, ಹುರುಳಿಕಾಯಿ ಸೋಸುತ್ತ ಧಾರಾವಾಹಿ ನೋಡುವುದು. ಪಕ್ಕದ ಮನೆಯ ರತ್ನಕ್ಕನೂ ಬಂದು ಕೂರುತ್ತಾರೆ. ಕಲಿತ ವಿದ್ಯೆಯನ್ನು ಅಮ್ಮ ಅಂದೇ ಅವರಿಗೂ ದಾಟಿಸಿದಳು. ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳುವ ವಿದ್ಯೆ ನನ್ನಲ್ಲಿರಲಿಲ್ಲ. ಮರುದಿನದಿಂದ ಇಬ್ಬರೂ ಗೋಡೆಯ ಕ್ಯಾಲೆಂಡರ್ ಕಡೆ ಕತ್ತು ತಿರುಗಿಸಿಕೊಂಡು, "ಅಗಾ, ಮಿಟುಕ್ತು", "ಇಗಾ, ಮತ್ತೆ ಮಿಟುಕ್ತು" ಎನ್ನುತ್ತ ಕೂತರು. ಧಾರಾವಾಹಿಯ ಸೊಸೆ ಮನೆಬಿಟ್ಟು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ನಿನ್ ಮಗಳು ವಾಸಿ ಮಾಡೋ ಡಾಕ್ಟ್ರು ಅನ್ಕಂಡಿದ್ದೆ ಕಣಕ್ಕ, ಕಾಯ್ಲೆ ಅಂಟುಸ್ಬುಟ್ಲು," ಎಂದರು ರತ್ನಕ್ಕ, ನನಗೆ ಕೇಳಿಸುವಂತೆಯೇ.

ಪ್ರಾಯಶ್ಚಿತ್ತಕ್ಕೆಂದು ಅಮ್ಮನ ಮೊಬೈಲಿನ ಪರದೆ ಸದಾ ಹೆಚ್ಚಿನ ವೇಗದಲ್ಲೇ ಓಡುವಂತೆ ಮಾಡಿಕೊಟ್ಟೆ. ಮಿಟುಕು ನಿಂತಿತು, ಅತ್ತೆ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಬ್ಯಾಟರಿಯೂ ಮುಗಿಯಿತು. ನಮ್ಮ ತಂಡ ಹೊಡೆದಾಡುತ್ತಿರುವುದು ಇದೇ ಸಂಕಟದೊಂದಿಗೆ ಎಂದು ಹೇಳಹೋದೆ. ಅಮ್ಮ ಕೇಳಿದ್ದು ಒಂದೇ: "ನಿಂದು ಯಾವಾಗ ಆಯ್ತದೆ?" ಆಮೇಲೆ ನಾನು ಮೈಸೂರಿನ ಬಸ್ಸಿಳಿದು ಬಂದಾಗಲೆಲ್ಲ, ಕಾಫಿಗಿಂತ ಮೊದಲು ಈ ಪ್ರಶ್ನೆ. ನಮ್ಮ ಮ್ಯಾನೇಜರೂ ಇಷ್ಟು ಕಾಡಿದವರಲ್ಲ.

ಕೊನೆಗೊಂದು ಸಂಜೆ, ಸೋರಿದಷ್ಟನ್ನು ಸದ್ದಿಲ್ಲದೆ ತುಂಬುವ ನಮ್ಮ ಸರ್ಕ್ಯೂಟಿನ ಮಾದರಿ ಪರದೆಯನ್ನು ಕೇಳಿಕೊಂಡು ಮನೆಗೆ ತಂದೆ. ಅದರಲ್ಲಿ ಧಾರಾವಾಹಿ ಹಾಕಿ ಉಪ್ಪಿನ ಜಾಡಿಗೆ ಒರಗಿಸಿದೆ. ಅಮ್ಮ, ರತ್ನಕ್ಕ ಕ್ಯಾಲೆಂಡರ್ ಕಡೆ ತಿರುಗಿದರು. ವರ್ಷಗಟ್ಟಲೆ ಓದಿದ್ದೆಲ್ಲ ಆ ಎರಡು ಕತ್ತುಗಳ ಮೇಲೆ ನಿಂತಂತೆ ನಾನು ಉಸಿರು ಹಿಡಿದು ನಿಂತೆ.

"ಇಲ್ಲ ಕಣವ್ವ, ಮಿಟುಕ್ತಿಲ್ಲ," ಎಂದಳು ಅಮ್ಮ. ಕತ್ತು ನೇರ ಮಾಡಿಕೊಂಡು ಧಾರಾವಾಹಿಯನ್ನು ಧಾರಾವಾಹಿಯಂತೆ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ನನ್ನತ್ತ ತಿರುಗಿದಳು. "ಪರದೆ ನೆಟ್ಟಗಾಯ್ತು. ನಿನ್ ಕಣ್ಣ್ಯಾಕೆ ಹಿಂಗ್ ಅದುರ್ತದೆ? ಎಡಗಣ್ಣಾದ್ರೆ ಒಳ್ಳೇದು."

"ಬಲಗಣ್ಣು ಕಣಕ್ಕ," ಎಂದರು ರತ್ನಕ್ಕ. ಅವರು ಕ್ಯಾಲೆಂಡರ್ ಕಡೆಯಿಂದ ಕತ್ತು ತಿರುಗಿಸಿರಲೇ ಇಲ್ಲ.

"ಸೋರಿದಷ್ಟ್ ತುಂಬ್ತಾ ಇರ್ಬೇಕು ಅಂದ್ಯಲ್ಲ, ಓಗ್ ಮಲಿಕೋ," ಎಂದಳು ಅಮ್ಮ.

ಹೋಗಿ, ಅಭ್ಯಾಸಬಲದಿಂದ ಗೋಡೆಯ ಕಡೆ ಮುಖಮಾಡಿ ಮಲಗಿದೆ. ಕಣ್ಣಂಚಿನಲ್ಲಿ ಟ್ಯೂಬ್‌ಲೈಟು ಮಿಟುಕುತ್ತಿತ್ತು.